ಏಳು ರಾತ್ರಿಯ ಹಡಗು, ಐದು ತಿಂಗಳ ಕಾಗದಪತ್ರ

2024ರ ಅಕ್ಟೋಬರ್‌ನಲ್ಲಿ ನಾವು ಮೂವರು, ಅಂದರೆ ನಾನು, ನಮ್ಮ ಯಜಮಾನರು ಮತ್ತು 72 ವರ್ಷದ ಅತ್ತೆಯವರು, ಬಾರ್ಸಿಲೋನಾದಲ್ಲಿ ಹಡಗು ಹತ್ತಿ ಮಾರ್ಸೇ, ಜಿನೋವಾ, ಚಿವಿತಾವೆಕ್ಕಿಯಾ, ಪಲೆರ್ಮೊ, ವಲೆಟ್ಟಾ ಬಂದರುಗಳನ್ನು ಮುಟ್ಟಿ ಎಂಟನೆಯ ದಿನ ಮತ್ತೆ ಬಾರ್ಸಿಲೋನಾಕ್ಕೇ ಬಂದಿಳಿದೆವು. ಹಡಗಿನ ಪ್ರಯಾಣ ಏಳು ರಾತ್ರಿಯದು. ಅದಕ್ಕಾಗಿ ಕಾಗದಪತ್ರ ಹೊಂದಿಸಲು ಹಿಡಿದದ್ದು ಐದು ತಿಂಗಳು. ಊರಿಗೆ ಮರಳಿದ ಮೇಲೆ ಸಿಕ್ಕವರೆಲ್ಲ ಸಮುದ್ರ ಹೇಗಿತ್ತು ಎಂದು ಕೇಳಿದರೇ ಹೊರತು ಅದರ ಹಿಂದಿನ ಓಡಾಟದ ಬಗ್ಗೆ ಒಬ್ಬರೂ ಕೇಳಲಿಲ್ಲ. ಇದೇ ದಾರಿಯಲ್ಲಿ ಹೊರಡುವವರಿಗೆ ಉಪಯೋಗಕ್ಕೆ ಬರುವುದು ಆ ಓಡಾಟದ ವಿವರವೇ ಎಂದು ನನಗೆ ಅನ್ನಿಸಿದ್ದರಿಂದ, ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಹಡಗನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಅತ್ತೆಯವರ ಮೊಣಕಾಲು. ದಿನಕ್ಕೊಂದು ಊರು, ದಿನಕ್ಕೊಂದು ಹೋಟೆಲು ಎಂದು ಅವರನ್ನು ಅಲೆದಾಡಿಸುವುದು ಸಾಧ್ಯವಿರಲಿಲ್ಲ. ಹಡಗಿನಲ್ಲಾದರೆ ಪೆಟ್ಟಿಗೆಯನ್ನು ಒಮ್ಮೆ ಬಿಚ್ಚಿಟ್ಟರೆ ಮತ್ತೆ ಕಟ್ಟುವುದು ಕೊನೆಯ ರಾತ್ರಿಯೇ. ಮಲಗುವ ಕೋಣೆ ಅದೇ ಇರುತ್ತದೆ, ಊರುಗಳು ಬದಲಾಗುತ್ತವೆ. ಹೊನ್ನಾವರದ ಕಡಲ ದಂಡೆಯಲ್ಲಿ ಹುಟ್ಟಿ, ಮದುವೆಯಾಗಿ ಸಾಗರಕ್ಕೆ ಬಂದ ಅವರಿಗೆ "ಊರಿನ ಹೆಸರಷ್ಟೇ ಸಾಗರ, ಇಲ್ಲಿ ಇರುವುದು ಬರೀ ಅಡಿಕೆ ತೋಟ" ಎಂಬ ಕೊರಗು ಐವತ್ತು ವರ್ಷಗಳಿಂದಲೂ ಇತ್ತು.

ಮೇ ತಿಂಗಳಲ್ಲಿ ಏಜೆಂಟರು ಎರಡು ಮಾರ್ಗಗಳನ್ನು ಮುಂದಿಟ್ಟರು. ಟ್ಯುನೀಷಿಯಾದ ಬಂದರೊಂದನ್ನು ಮುಟ್ಟಿ ಬರುವ ಮಾರ್ಗ ಅಗ್ಗದ್ದಾಗಿತ್ತು. ಮೊದಲು ನಮ್ಮ ಮನಸ್ಸು ಅದರ ಕಡೆಗೇ ವಾಲಿತ್ತು. ಆದರೆ ಹಡಗು ಷೆಂಗೆನ್ ವಲಯದ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಹೊರಗಿನ ಒಂದೇ ಒಂದು ಬಂದರಿಗೆ ಹೋದರೂ ಮರಳಿ ಒಳಗೆ ಬರುವುದು ಎರಡನೆಯ ಪ್ರವೇಶವಾಗುತ್ತದೆ, ಅದಕ್ಕೆ ಬಹುಪ್ರವೇಶದ ವೀಸಾ ಬೇಕಾಗುತ್ತದೆ ಎಂಬುದು ಅವರ ಬಾಯಿಂದ ಬಂದದ್ದು ನಾವೇ ಕೆದಕಿ ಕೇಳಿದ ಮೇಲೆ. ಮೊದಲ ಬಾರಿಗೆ ಅರ್ಜಿ ಹಾಕುವವರಿಗೆ ಬಹುಪ್ರವೇಶ ಸಿಕ್ಕೇ ಸಿಗುತ್ತದೆ ಎಂದು ನಂಬಿ ಹಣ ಕಟ್ಟುವಂತಿಲ್ಲ. ಆದ್ದರಿಂದ ಸ್ಪೇನ್, ಫ್ರಾನ್ಸ್, ಇಟಲಿ, ಮಾಲ್ಟಾ ಇಷ್ಟೇ ಇರುವ ಮಾರ್ಗವನ್ನು ಹಿಡಿದೆವು. ನಾಲ್ಕೂ ಷೆಂಗೆನ್ ದೇಶಗಳು. ಆಡ್ರಿಯಾಟಿಕ್ ಕಡೆಗೆ ಹೋಗುವವರು ಇದನ್ನು ಇನ್ನೂ ಎಚ್ಚರದಿಂದ ನೋಡಬೇಕು: ಕ್ರೊಯೇಷಿಯಾ 2023ರ ಜನವರಿಯಿಂದ ವಲಯದೊಳಗಿದೆ, ಅದರ ಪಕ್ಕದ ಮಾಂಟೆನೆಗ್ರೊ ಹೊರಗಿದೆ, ಮತ್ತು ಆ ಕಡೆಯ ಬಹಳಷ್ಟು ಹಡಗುಗಳು ಎರಡರಲ್ಲೂ ನಿಲ್ಲುತ್ತವೆ.

ಮುಂದಿನ ಪ್ರಶ್ನೆ, ಯಾವ ದೇಶಕ್ಕೆ ಅರ್ಜಿ ಹಾಕಬೇಕು ಎಂಬುದು. ಇಟಲಿಯಲ್ಲಿ ಮೂರು ಬಂದರುಗಳಿವೆ, ಹಾಗಾಗಿ ಇಟಲಿಗೇ ಹಾಕಿ ಎಂದು ಏಜೆಂಟರು ಸಲೀಸಾಗಿ ಹೇಳಿಬಿಟ್ಟರು. ನಿಯಮ ಹೇಳುವುದು ಬೇರೆ: ಹೆಚ್ಚು ದಿನ ಎಲ್ಲಿರುತ್ತೀರೋ ಆ ದೇಶಕ್ಕೆ, ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಯಜಮಾನರು ಕ್ಯಾಲೆಂಡರಿನ ಮೇಲೆ ಗೆರೆ ಎಳೆದು ಲೆಕ್ಕ ಹಾಕಿದರು. ವಿಮಾನ ತಡವಾದರೂ ಹಡಗು ತಪ್ಪದಿರಲೆಂದು ಬಾರ್ಸಿಲೋನಾಕ್ಕೆ ಎರಡು ದಿನ ಮೊದಲೇ ಹೋಗುವವರಿದ್ದೆವು. ಆ ಎರಡು ದಿನ, ಹಡಗು ಹತ್ತುವ ದಿನ, ಇಳಿಯುವ ದಿನ, ಮರುದಿನದ ವಿಮಾನ ಎಲ್ಲ ಸೇರಿ ಸ್ಪೇನ್‌ನಲ್ಲಿ ಐದು ದಿನ, ಇಟಲಿಯಲ್ಲಿ ಮೂರು. ಅರ್ಜಿ ಸ್ಪೇನ್‌ಗೆ ಹೋಯಿತು. ಈ ಲೆಕ್ಕವನ್ನು ಒಂದು ಕೋಷ್ಟಕವಾಗಿ ಮಾಡಿ ಅರ್ಜಿಯ ಜೊತೆಗಿನ ಪತ್ರದಲ್ಲೇ ಸೇರಿಸಿದ್ದೆವು. ವೀಸಾ ಅರ್ಜಿ ಕೇಂದ್ರದಲ್ಲಿ ನಮ್ಮ ಮುಂದಿನ ಸಾಲಿನಲ್ಲಿದ್ದ ದಂಪತಿಯನ್ನು ಇದೇ ಕಾರಣಕ್ಕೆ ಅರ್ಧ ಗಂಟೆ ಪ್ರಶ್ನಿಸಿದ್ದನ್ನು ಕಂಡಾಗ, ಕೋಷ್ಟಕ ಮಾಡಿದ್ದು ಒಳ್ಳೆಯದಾಯಿತು ಎನ್ನಿಸಿತು.

ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದಲೇ ಅರ್ಜಿ ಹಾಕಬಹುದು, ಕೊನೆಯ ಪಕ್ಷ 15 ದಿನ ಮುಂಚೆಯಾದರೂ ಹಾಕಿರಬೇಕು. ಆದರೆ ಬೇಸಿಗೆಯಲ್ಲಿ ಬೆಂಗಳೂರಿನ ಕೇಂದ್ರದಲ್ಲಿ ಸಮಯ ಸಿಗುವುದೇ ಇಲ್ಲ. ಜೂನ್ ಪೂರ್ತಿ ಬೆಳಿಗ್ಗೆ ಎದ್ದೊಡನೆ ಪರದೆ ತೆರೆದು ನೋಡುವುದು, ಎಲ್ಲ ದಿನಗಳೂ ಕೆಂಪಾಗಿರುವುದನ್ನು ಕಂಡು ಮುಚ್ಚುವುದು, ಇದೇ ನನ್ನ ದಿನಚರಿಯಾಗಿತ್ತು. ಹೆಚ್ಚುವರಿ ಹಣ ಕೊಟ್ಟರೆ ಸ್ಲಾಟ್ ಕೊಡಿಸುತ್ತೇವೆ ಎನ್ನುವವರು ಇಬ್ಬರು ಸಿಕ್ಕರು, ನಾವು ಕೊಡಲಿಲ್ಲ. ಜುಲೈ ಕೊನೆಯಲ್ಲಿ ಒಂದು ರಾತ್ರಿ ಹನ್ನೊಂದರ ಹೊತ್ತಿಗೆ, ಯಾರೋ ರದ್ದು ಮಾಡಿದ್ದಿರಬೇಕು, ಆಗಸ್ಟ್ ಕೊನೆಯ ವಾರದ ಮೂರು ಜಾಗಗಳು ಒಟ್ಟಿಗೇ ತೆರೆದುಕೊಂಡವು.

ಕಾಗದಗಳ ವಿಷಯದಲ್ಲಿ ನಮಗೆ ಹೆಚ್ಚು ತಲೆನೋವು ತಂದದ್ದು ಅತ್ತೆಯವರ ಕಡತ. ನಮ್ಮಿಬ್ಬರದು ರೂಢಿಯ ಪಟ್ಟಿ: ಮೂರು ವರ್ಷದ ಆದಾಯ ತೆರಿಗೆ ವಿವರ, ಮುದ್ರೆ ಹಾಕಿಸಿದ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ರಜೆ ಮಂಜೂರಾತಿ ಪತ್ರ, ವಿವಾಹ ನೋಂದಣಿ ಪತ್ರ, ಎಲ್ಲ ಬಂದರುಗಳ ಹೆಸರೂ ತಾರೀಖೂ ಇರುವ ಹಡಗಿನ ಬುಕಿಂಗ್, ಹೋಟೆಲು, ವಿಮಾನ, ಮತ್ತು ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ವಿಮೆ. ಅತ್ತೆಯವರಿಗೆ ಇರುವುದು ಕುಟುಂಬ ಪಿಂಚಣಿ ಮತ್ತು ಒಂದು ಪಾಸ್‌ಬುಕ್ ಮಾತ್ರ. ಅವರ ಖರ್ಚು ನಮ್ಮದೇ ಎಂದು ಮಗ ಬರೆದುಕೊಟ್ಟ ಪತ್ರ, ಅವರಿಬ್ಬರು ತಾಯಿ ಮಗ ಎಂಬುದಕ್ಕೆ ದಾಖಲೆ, ಪಿಂಚಣಿ ಆದೇಶದ ಪ್ರತಿ ಇಷ್ಟನ್ನೂ ಸೇರಿಸಬೇಕಾಯಿತು. ಆದೇಶ ಕನ್ನಡದಲ್ಲಿದ್ದುದರಿಂದ ಅದರ ಇಂಗ್ಲಿಷ್ ಅನುವಾದವನ್ನು ನೋಟರಿಯಿಂದ ದೃಢೀಕರಿಸಿಕೊಂಡೆವು. ವಿಮೆಯ ಬಗ್ಗೆ ಒಂದು ಮಾತು: ಎಪ್ಪತ್ತು ದಾಟಿದವರಿಗೆ ಕಂತು ಹೆಚ್ಚು. ಎಷ್ಟು ಕಡಿಮೆಗೆ ಸಿಗುತ್ತದೆ ಎಂದು ನೋಡುವ ಬದಲು, ಮೊದಲೇ ಇರುವ ಕಾಯಿಲೆಯನ್ನು ಒಳಗೊಳ್ಳುತ್ತದೆಯೇ ಎಂದು ಓದಿ ನೋಡಿ.

ತಾಳಗುಪ್ಪದ ರಾತ್ರಿ ರೈಲಿನಲ್ಲಿ ಬೆಂಗಳೂರು ಸೇರಿ, ನೆಂಟರ ಮನೆಯಲ್ಲಿ ಸ್ನಾನ ಮುಗಿಸಿ, ಒಂಬತ್ತೂವರೆಗೆ ಕೇಂದ್ರದಲ್ಲಿದ್ದೆವು. ಶುಲ್ಕ ಒಬ್ಬರಿಗೆ 90 ಯೂರೋ. ಜೂನ್ 11ಕ್ಕೆ ಮೊದಲು 80 ಇತ್ತಂತೆ. ಅದರ ಮೇಲೆ ಕೇಂದ್ರದ ಸೇವಾಶುಲ್ಕ, ಕೊರಿಯರ್, ಅಲ್ಲೇ ಮತ್ತೆ ತೆಗೆಸಿದ ಭಾವಚಿತ್ರ ಎಲ್ಲ ಕೂಡಿದವು. ಮನೆಯಿಂದ ಒಯ್ದದ್ದು 35×45 ಮಿಲಿಮೀಟರ್ ಅಳತೆಯದೇ ಆಗಿದ್ದರೂ ಹಿನ್ನೆಲೆ ಸಾಕಷ್ಟು ಬಿಳುಪಾಗಿಲ್ಲ ಎಂದರು. ಆಮೇಲೆ ಬೆರಳಚ್ಚು. ಅತ್ತೆಯವರ ಎಡಗೈಯನ್ನು ಯಂತ್ರ ಒಪ್ಪಿಕೊಂಡಿತು, ಬಲಗೈಯನ್ನು ಒಪ್ಪಲಿಲ್ಲ. ಐವತ್ತು ಸುಗ್ಗಿಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಹಸಿ ಅಡಿಕೆ ಸುಲಿದ ಕೈ ಅದು. ತೋರುಬೆರಳು, ಹೆಬ್ಬೆರಳುಗಳ ಗೆರೆಗಳು ಸವೆದು ನುಣುಪಾಗಿದ್ದವು, ಚೊಗರಿನ ಕಪ್ಪು ಉಗುರಿನ ಸಂದಿಯಲ್ಲಿ ಇನ್ನೂ ಉಳಿದಿತ್ತು. ಕೇಂದ್ರದ ಹುಡುಗಿ ಒದ್ದೆ ಬಟ್ಟೆಯಿಂದ ಒರೆಸಿದಳು, ಕ್ರೀಮು ಹಚ್ಚಿದಳು, ಒಂದೊಂದೇ ಬೆರಳನ್ನು ತಾನೇ ಹಿಡಿದು ಒತ್ತಿದಳು. ಏಳನೆಯ ಸಲಕ್ಕೆ ಹಸಿರು ದೀಪ ಬಂತು. ಈ ಬೆರಳಚ್ಚು 59 ತಿಂಗಳು ನಡೆಯುತ್ತದೆ ಎಂದು ಹೇಳಿ ಕಳುಹಿಸಿದರು. ತೋಟದ ಕೆಲಸ ಮಾಡುವ ಹಿರಿಯರನ್ನು ಕರೆದೊಯ್ಯುವವರು ಒಂದು ವಾರ ಮೊದಲಿನಿಂದ ಅವರ ಕೈಗೆ ದಿನವೂ ಕೊಬ್ಬರಿ ಎಣ್ಣೆ ಹಚ್ಚಿದರೆ ನಮ್ಮಷ್ಟು ಬೆವರಬೇಕಾಗುವುದಿಲ್ಲ.

ಅರ್ಜಿಯ ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ಪರಿಶೀಲನೆ ಬೇಕೆನಿಸಿದರೆ 45 ದಿನದವರೆಗೂ ಹಿಡಿಯಬಹುದು. ನಮ್ಮ ಪಾಸ್‌ಪೋರ್ಟ್‌ಗಳು ಬಂದದ್ದು 29ನೆಯ ದಿನ, ಹೊರಡಲು ಎರಡು ವಾರ ಉಳಿದಿರುವಾಗ. ಆ ವೇಳೆಗೆ ಹಡಗಿನ ಪೂರ್ತಿ ಹಣ ಕಟ್ಟಿಯಾಗಿತ್ತು, ರದ್ದು ಮಾಡಿದರೆ ಒಂದು ಪೈಸೆಯೂ ಮರಳುವ ಹಾಗಿರಲಿಲ್ಲ. 15 ದಿನ ದಾಟಿದ ಮೇಲೆ ಕಾದ ಆ ಎರಡು ವಾರ ಮನೆಯಲ್ಲಿ ಯಾರೂ ಪ್ರವಾಸದ ಮಾತೆತ್ತುತ್ತಿರಲಿಲ್ಲ. ಸಿಕ್ಕಿದ್ದು ಏಕಪ್ರವೇಶದ ವೀಸಾ. ಟ್ಯುನೀಷಿಯಾ ಮಾರ್ಗಕ್ಕೆ ಹಣ ಕಟ್ಟಿದ್ದರೆ ಏನಾಗುತ್ತಿತ್ತು ಎಂದು ನೆನೆಸಿಕೊಂಡು ಆ ಸಂಜೆ ಒಂದು ಲೋಟ ನೀರು ಹೆಚ್ಚಿಗೆ ಕುಡಿದೆ.

ಹಡಗು, ಹೋಟೆಲು, ವರ್ಗಾವಣೆ ಸೇರಿದ ಪ್ಯಾಕೇಜ್‌ಗೆ ಮೂವರಿಗೆ 3,40,000 ರೂಪಾಯಿ ಆಯಿತು. ವಿಮಾನ ಬೇರೆ. ಪ್ಯಾಕೇಜ್ ಮೇಲೆ ಆಗಿನ ದರದಂತೆ ಶೇ. 5ರ ಟಿಸಿಎಸ್ (ಮಾರುವವರೇ ನಮ್ಮಿಂದ ವಸೂಲು ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ), ಅಂದರೆ 17,000. ಇದು ಕಳೆದುಹೋಗುವ ಹಣವಲ್ಲ, ತೆರಿಗೆ ವಿವರ ಸಲ್ಲಿಸುವಾಗ ಸರಿಹೊಂದಿಸಿಕೊಳ್ಳಬಹುದು. ಆದರೆ ಯಾರ ಪ್ಯಾನ್ ಕೊಟ್ಟಿರುತ್ತೀರೋ ಅವರ ಲೆಕ್ಕಕ್ಕೇ ಹೋಗುತ್ತದೆ. ತೆರಿಗೆ ವಿವರ ಸಲ್ಲಿಸುವ ರೂಢಿಯೇ ಇಲ್ಲದ ಹಿರಿಯರ ಪ್ಯಾನ್ ಕೊಡಬೇಡಿ.

ಬುತ್ತಿ ಕಟ್ಟುವಾಗ ಒಂದು ನಿಯಮ ನೆನಪಿರಲಿ: ಹೊರದೇಶದಿಂದ ಹಾಲಿನ ಪದಾರ್ಥಗಳನ್ನೂ ಮಾಂಸವನ್ನೂ ಯುರೋಪಿನ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ತುಪ್ಪದ ಡಬ್ಬಿ, ಪೇಡ ಎರಡನ್ನೂ ಅತ್ತೆಯವರು ಮುಖ ಸಣ್ಣದು ಮಾಡಿಕೊಂಡು ಹೊರಗೆ ತೆಗೆದಿಟ್ಟರು. ಚಟ್ನಿಪುಡಿ, ಹುರಿದ ಅವಲಕ್ಕಿ, ಅಪ್ಪೆಮಿಡಿ ಉಪ್ಪಿನಕಾಯಿಗೆ ಎಲ್ಲೂ ತಕರಾರು ಬರಲಿಲ್ಲ.

ಬಾರ್ಸಿಲೋನಾದ ಎರಡು ದಿನಗಳನ್ನು ಬಿಟ್ಟು ನೇರವಾಗಿ ಬಂದರಿಗೆ ಬರುತ್ತೇನೆ, ಏಕೆಂದರೆ ಇಡೀ ಪ್ರವಾಸದಲ್ಲಿ ನನ್ನ ಎದೆ ಹೊಡೆದುಕೊಂಡದ್ದು ಅಲ್ಲಿಯೇ. ಹಡಗುಕಟ್ಟೆ ಊರಿನ ಕೊಲಂಬಸ್ ಸ್ತಂಭದಿಂದ ಸೇತುವೆ ದಾಟಿ ಆಚೆಗಿದೆ. ನಡೆದು ಹೋಗುತ್ತೇವೆ ಎನ್ನುವ ಹುಮ್ಮಸ್ಸು ಪೆಟ್ಟಿಗೆ ಇರುವವರಿಗೆ ಬೇಡ. ಕೌಂಟರಿನಲ್ಲಿ ನಮ್ಮಿಬ್ಬರ ಕೆಲಸ ಐದು ನಿಮಿಷದಲ್ಲಿ ಮುಗಿಯಿತು, ಅತ್ತೆಯವರ ಬಳಿ ನಿಂತುಬಿಟ್ಟಿತು. ನಮ್ಮ ಕಡೆಯ ಎಷ್ಟೋ ಹಿರಿಯರಂತೆ ಅವರ ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದೆ, ಕುಲನಾಮದ ಜಾಗ ಖಾಲಿ. ಹಡಗಿನ ಅಂತರ್ಜಾಲ ನಮೂನೆ ಖಾಲಿ ಬಿಡಲು ಬಿಡಲಿಲ್ಲವೆಂದು ಏಜೆಂಟರು ಅಲ್ಲಿ ನಮ್ಮ ಮಾವನವರ ಹೆಸರನ್ನು ತುಂಬಿಬಿಟ್ಟಿದ್ದರು. ಪಾಸ್‌ಪೋರ್ಟ್, ವೀಸಾ, ವಿಮಾನದ ಟಿಕೆಟ್ ಎಲ್ಲದರಲ್ಲೂ ಒಂದು ಹೆಸರು, ಹಡಗಿನ ಪಟ್ಟಿಯಲ್ಲಿ ಎರಡು. "ಇವರು ಅವರೇ ಎಂದು ನಮಗೆ ಹೇಗೆ ತಿಳಿಯಬೇಕು?" ಎಂದು ಕೌಂಟರಿನಲ್ಲಿದ್ದಾಕೆ ಸಭ್ಯವಾಗಿಯೇ ಕೇಳಿದಳು. ಪಾಸ್‌ಪೋರ್ಟ್‌ನ ಕೊನೆಯ ಪುಟದಲ್ಲಿ ಗಂಡನ ಹೆಸರಿನ ಜಾಗದಲ್ಲಿ ಮಾವನವರ ಹೆಸರಿರುವುದನ್ನು ಯಜಮಾನರು ತೋರಿಸಿದರು. ಆಕೆ ಮೇಲಿನವರನ್ನು ಕರೆದಳು, ಅವರು ಇನ್ನೊಬ್ಬರಿಗೆ ಫೋನು ಮಾಡಿದರು. ಒಂದು ಗಂಟೆ ನಲವತ್ತು ನಿಮಿಷ ಅತ್ತೆಯವರು ಗಾಲಿಕುರ್ಚಿಯಲ್ಲಿ ಕುಳಿತು, ಜನ ನಮ್ಮನ್ನು ದಾಟಿ ಹಡಗಿಗೆ ಹೋಗುವುದನ್ನು ನೋಡುತ್ತಿದ್ದರು. ಒಮ್ಮೆ ಮಾತ್ರ, "ನನ್ನಿಂದ ನಿಮಗೂ ತಪ್ಪುತ್ತದೆಯೇನೇ?" ಎಂದರು. ಕೊನೆಗೆ ಪಟ್ಟಿಯನ್ನು ತಿದ್ದಿ ಹೊಸ ಕಾರ್ಡು ಮುದ್ರಿಸಿ ಕೊಟ್ಟರು. ಒಂದೇ ಹೆಸರಿನವರು ಮನೆಯಲ್ಲಿದ್ದರೆ, ಹಡಗಿನವರು ಅದನ್ನು ಹೇಗೆ ನಮೂದಿಸುತ್ತಾರೆ ಎಂದು ಬುಕಿಂಗ್‌ಗೆ ಮೊದಲೇ ಬರಹದಲ್ಲಿ ಕೇಳಿ ಪಡೆಯಿರಿ; ಸಾಧ್ಯವಿದ್ದರೆ ಪಾಸ್‌ಪೋರ್ಟನ್ನೇ ಮೊದಲು ಸರಿಪಡಿಸಿಕೊಳ್ಳಿ.

ಸಾಮಾನು ತಪಾಸಣೆಯಲ್ಲಿ ಅತ್ತೆಯವರ ಎಲೆಕ್ಟ್ರಿಕ್ ಕೆಟಲ್ ಸಿಕ್ಕಿಬಿತ್ತು. ಬೆಂಕಿಯ ಭಯದಿಂದ ಹಡಗಿನಲ್ಲಿ ಕೆಟಲ್, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್, ಮೇಣದಬತ್ತಿ ಯಾವುದಕ್ಕೂ ಅವಕಾಶವಿಲ್ಲ. ಚೀಟಿ ಕೊಟ್ಟು ಕೊನೆಯ ದಿನ ಒಯ್ಯಿರಿ ಎಂದರು. ಪಾಸ್‌ಪೋರ್ಟ್‌ಗಳನ್ನೂ ತೆಗೆದಿಟ್ಟುಕೊಂಡರು, ಅದಕ್ಕೂ ಚೀಟಿ. ಬಂದರುಗಳಲ್ಲಿ ಇಳಿಯುವಾಗ ಹಡಗಿನ ಕಾರ್ಡು ಮತ್ತು ಪಾಸ್‌ಪೋರ್ಟ್ ನಕಲು ಇದ್ದರೆ ಸಾಕು. ವಲಯದೊಳಗೇ ಇರುವುದರಿಂದ ಪ್ರತಿ ಬಂದರಿನಲ್ಲೂ ಮುದ್ರೆ ಹಾಕಿಸುವ ಕೆಲಸವಿಲ್ಲ. ನಕಲನ್ನು ಊರಿನಿಂದಲೇ ಮಾಡಿಸಿಕೊಂಡು ಹೋಗಿರಿ.

ಹಡಗಿನೊಳಗೆ ನೋಟು ನಡೆಯುವುದಿಲ್ಲ, ಖರ್ಚೆಲ್ಲ ಹಡಗಿನ ಕಾರ್ಡಿನ ಲೆಕ್ಕಕ್ಕೆ. ಅದಕ್ಕೆ ನಾವು ವಿದೇಶಿ ಹಣ ತುಂಬಿಸಿದ ಪ್ರಿಪೇಯ್ಡ್ ಫಾರೆಕ್ಸ್ ಕಾರ್ಡ್ ಜೋಡಿಸಿದ್ದು ತಪ್ಪಾಯಿತು. ದಿನವೂ ಒಂದಿಷ್ಟು ಮೊತ್ತವನ್ನು ಮುಂಗಡವಾಗಿ ತಡೆಹಿಡಿಯುತ್ತಾರೆ, ಕೊನೆಗೆ ನಿಜವಾದ ಬಿಲ್ಲನ್ನು ಬೇರೆಯಾಗಿ ಕಡಿತ ಮಾಡುತ್ತಾರೆ. ತಡೆಹಿಡಿದದ್ದು ಬಿಡುಗಡೆಯಾಗಲು ನಮಗೆ 23 ದಿನ ಹಿಡಿಯಿತು. ಅಂತರರಾಷ್ಟ್ರೀಯ ಬಳಕೆಯನ್ನು ಮೊದಲೇ ತೆರೆದಿಟ್ಟ ಕ್ರೆಡಿಟ್ ಕಾರ್ಡನ್ನು ಹಡಗಿಗೆ, ಫಾರೆಕ್ಸ್ ಕಾರ್ಡನ್ನು ದಡಕ್ಕೆ ಇಟ್ಟುಕೊಳ್ಳುವುದು ಸರಿ. ಇದಲ್ಲದೆ ಸೇವಾಶುಲ್ಕವೆಂದು ತಲೆಗೆ ರಾತ್ರಿಗೆ 12 ಯೂರೋ, ಮೂವರಿಗೆ ಏಳು ರಾತ್ರಿಗೆ 252 ಯೂರೋ ಬಿಲ್ಲಿಗೆ ತಾನಾಗಿ ಸೇರಿತು. ಮೊಬೈಲನ್ನು ಹಡಗು ಹೊರಡುವ ಮೊದಲೇ ಏರೋಪ್ಲೇನ್ ಮೋಡ್‌ಗೆ ಹಾಕಿಬಿಡಿ. ನಡುಗಡಲಿನಲ್ಲಿ ಅದು ಹಡಗಿನ ಉಪಗ್ರಹ ಜಾಲಕ್ಕೆ ಅಂಟಿಕೊಂಡರೆ ಊರಿನಲ್ಲಿ ಹಾಕಿಸಿದ ರೋಮಿಂಗ್ ಪ್ಯಾಕ್ ಲೆಕ್ಕಕ್ಕೆ ಬರುವುದಿಲ್ಲ.

ಹೊರಡುವ ಮುನ್ನ ಏಳು ಸಣ್ಣ, ಒಂದು ಉದ್ದ ಸೀಟಿ ಊದಿ ಎಲ್ಲರನ್ನೂ ತಮ್ಮ ತಮ್ಮ ಜಾಗಕ್ಕೆ ಕರೆಸಿ ಜೀವರಕ್ಷಕ ಕವಚ ತೊಡುವುದನ್ನು ತೋರಿಸುತ್ತಾರೆ. 2012ರ ಜನವರಿ 13ರಂದು ಚಿವಿತಾವೆಕ್ಕಿಯಾದಿಂದ ಹೊರಟ ಕೋಸ್ಟಾ ಕಾಂಕೋರ್ಡಿಯಾ ಹಡಗು ಅದೇ ರಾತ್ರಿ ಜಿಲಿಯೊ ದ್ವೀಪದ ಬಂಡೆಗೆ ಬಡಿದು 32 ಜನ ಸತ್ತಾಗ, ಅಂದು ಹತ್ತಿದ ಎಷ್ಟೋ ಪ್ರಯಾಣಿಕರಿಗೆ ಈ ಅಭ್ಯಾಸ ಇನ್ನೂ ಆಗಿರಲಿಲ್ಲ. ಹಾಗಾಗಿ ಅದನ್ನು ಕಾಟಾಚಾರವೆಂದು ತಪ್ಪಿಸಿಕೊಳ್ಳಬೇಡಿ.

ಬಂದರುಗಳಲ್ಲಿ ನಮಗೆ ಅರಿವಾದ ಸಂಗತಿ ಒಂದೇ: ವೇಳಾಪಟ್ಟಿಯಲ್ಲಿ ಹತ್ತು ಗಂಟೆ ಎಂದಿದ್ದರೆ ಕೈಗೆ ಸಿಗುವುದು ಆರು. ಮಾರ್ಸೇಯ ಹಡಗುಕಟ್ಟೆ ಊರಿನ ಹಳೆ ಬಂದರಿನಿಂದ ಏಳೆಂಟು ಕಿ.ಮೀ. ದೂರ, ಬಸ್ಸಿಗೆ ಕಾಯುವುದರಲ್ಲೇ ಮುಂಜಾನೆ ಕಳೆಯಿತು, ಗುಡ್ಡದ ಮೇಲಿನ ನೋತ್ರ್ ದಾಮ್ ಚರ್ಚನ್ನು ಕೆಳಗಿನಿಂದಲೇ ನೋಡಿದೆವು. ಜಿನೋವಾ ಇದಕ್ಕೆ ತದ್ವಿರುದ್ಧ, ಹಡಗಿನಿಂದ ಇಳಿದರೆ ಎದುರಿಗೇ ಊರು. ಅಲ್ಲಿಯ ಕಿರುಗಲ್ಲಿಯ ಅಂಗಡಿಯೊಂದರಲ್ಲಿ, ಎತ್ತಿನ ಗಾಡಿಯ ಚಕ್ರದಷ್ಟು ಅಗಲದ ತಾಮ್ರದ ತಟ್ಟೆಯನ್ನು ಸೌದೆ ಒಲೆಯಿಂದ ಎಳೆದು, ಅದರಲ್ಲಿದ್ದ ಹಳದಿ ರೊಟ್ಟಿಯನ್ನು ಕತ್ತರಿಸಿ ಕೊಡುತ್ತಿದ್ದರು. ಅತ್ತೆಯವರು ಮೊದಲು ಮೂಸಿದರು, ಆಮೇಲೆ ಒಂದು ಚೂರು ಬಾಯಿಗಿಟ್ಟು, "ಕಡಲೆಹಿಟ್ಟು" ಎಂದರು. ಅದರ ಹೆಸರು ಫಾರಿನಾಟಾ: ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ, ಅಷ್ಟೇ. ಪಲೆರ್ಮೊದ ಬೀದಿಯಲ್ಲೂ ಅದೇ ಹಿಟ್ಟಿನ ಪನೆಲ್ಲೆಯನ್ನು ಕರಿದು ಬನ್ನಿನೊಳಗೆ ಇಟ್ಟು ಕೊಡುತ್ತಾರೆ. ಸಸ್ಯಾಹಾರಿಗಳು ಈ ಎರಡು ಹೆಸರುಗಳನ್ನು ಬರೆದಿಟ್ಟುಕೊಂಡರೆ ಬಂದರುಗಳಲ್ಲಿ ಹಸಿದಿರಬೇಕಾಗಿಲ್ಲ. ಹಡಗಿನಲ್ಲಿ ಅನ್ನ, ಬೇಳೆ ಸಾರು ಬೇಕೆಂದು ಮೊದಲ ರಾತ್ರಿಯೇ ಮೇಲ್ವಿಚಾರಕರಿಗೆ ಹೇಳಿದ್ದೆವು. ಮೂರನೆಯ ರಾತ್ರಿಯಿಂದ ಬಂತು.

ವೇಳಾಪಟ್ಟಿಯಲ್ಲಿ "ರೋಮ್" ಎಂದಿರುವುದು ಚಿವಿತಾವೆಕ್ಕಿಯಾ. ರೋಮ್ ಅಲ್ಲಿಂದ ಸುಮಾರು 80 ಕಿ.ಮೀ. ಹಡಗಿನ ಪ್ರವಾಸಕ್ಕೆ ತಲೆಗೆ ನೂರು ಯೂರೋಗಿಂತ ಹೆಚ್ಚು ಕೇಳಿದರು, ಪ್ರಾದೇಶಿಕ ರೈಲಿಗೆ ಆಗ ಐದು ಯೂರೋ ಕೂಡ ಇರಲಿಲ್ಲ. ರೈಲನ್ನೇ ಆರಿಸಿಕೊಂಡೆವು. ಬಂದರಿನೊಳಗಿನ ಬಸ್ಸು, ಅಲ್ಲಿಂದ ನಿಲ್ದಾಣ, ಟಿಕೆಟ್ ಸಾಲು. ರೈಲು ಹತ್ತುವ ಹೊತ್ತಿಗೆ ಪಕ್ಕದವರೊಬ್ಬರು ನಮ್ಮ ಕಾಗದದ ಟಿಕೆಟ್ ನೋಡಿ ಯಂತ್ರದ ಕಡೆ ಬೊಟ್ಟು ಮಾಡಿದರು. ಕಾಗದದ ಟಿಕೆಟಿಗೆ ರೈಲು ಹತ್ತುವ ಮೊದಲು ಮುದ್ರೆ ಒತ್ತಿಸದಿದ್ದರೆ ದಂಡ. ಯಜಮಾನರು ಓಡಿಹೋಗಿ ಒತ್ತಿಸಿ ಬಂದರು. ಕೊಲೊಸಿಯಮ್ಮನ್ನು ಮೊದಲೇ ಕೈಬಿಟ್ಟಿದ್ದೆವು; ಸಾನ್ ಪಿಯೆತ್ರೊ ನಿಲ್ದಾಣದಲ್ಲಿ ಇಳಿದು ವ್ಯಾಟಿಕನ್‌ನ ಚೌಕಕ್ಕೆ ಮಾತ್ರ ಹೋದೆವು. ತಪಾಸಣೆಯ ಸಾಲು ಒಂದೂವರೆ ಗಂಟೆಯದು. ತೋಳಿಲ್ಲದ ಉಡುಪಿನವರನ್ನು ಬಾಗಿಲಲ್ಲಿ ತಡೆಯುತ್ತಿದ್ದರು, ಸೆರಗು ಹೊದ್ದ ಅತ್ತೆಯವರನ್ನು ಒಳಗೆ ಬಿಟ್ಟರು. ಆದರೆ ನನ್ನ ಕಣ್ಣು ಗೋಪುರಕ್ಕಿಂತ ಗಡಿಯಾರದ ಮೇಲೇ ಇತ್ತು. ಎಲ್ಲರೂ ಐದೂವರೆಗೆ ಹಡಗಿನಲ್ಲಿರಬೇಕು, ಆರಕ್ಕೆ ಅದು ಹೊರಡುತ್ತದೆ. ಹಡಗಿನವರ ಬಸ್ಸು ತಡವಾದರೆ ಕಾಯುತ್ತಾರೆ, ತಾವಾಗಿ ಹೋದವರಿಗೆ ಕಾಯುವುದಿಲ್ಲ. ನಮ್ಮ ಪಾಸ್‌ಪೋರ್ಟ್‌ಗಳೋ ಹಡಗಿನಲ್ಲಿ. ಮಧ್ಯಾಹ್ನ ಎರಡಕ್ಕೆ ಹೊರಡುವ ರೈಲು ಕಿಕ್ಕಿರಿದಿತ್ತು, ಹುಡುಗನೊಬ್ಬ ಅತ್ತೆಯವರಿಗೆ ಜಾಗ ಬಿಟ್ಟುಕೊಟ್ಟ. ಹಡಗು ಸೇರಿದಾಗ ನಾಲ್ಕು. ಒಂದೂವರೆ ಗಂಟೆ ಉಳಿದಿತ್ತು, ಆದರೂ ಹಿರಿಯರಿರುವವರಿಗೆ ಆ ಒಂದು ದಿನ ಹಡಗಿನ ಬಸ್ಸೇ ಮೇಲು ಎಂದು ಈಗ ಅನ್ನಿಸುತ್ತದೆ.

ವಲೆಟ್ಟಾಕ್ಕೆ ಹಡಗು ಪ್ರವೇಶಿಸುವುದನ್ನು ಮಾತ್ರ ಮಲಗಿ ಕಳೆದುಕೊಳ್ಳಬೇಡಿ. ಜೇನಿನ ಬಣ್ಣದ ಕೋಟೆಗೋಡೆಗಳ ನಡುವೆ ಹಡಗು ಮೆಲ್ಲಗೆ ನುಸುಳುತ್ತದೆ. ಹಡಗುಕಟ್ಟೆಯ ಸಮೀಪವೇ 58 ಮೀಟರ್ ಎತ್ತರದ ಲಿಫ್ಟ್ ಇದ್ದು, ನೇರವಾಗಿ ಮೇಲಿನ ಉದ್ಯಾನಕ್ಕೆ ಒಯ್ಯುತ್ತದೆ. ಮೊಣಕಾಲಿನವರಿಗೆ ಇಡೀ ಪ್ರವಾಸದಲ್ಲಿ ಇದಕ್ಕಿಂತ ದೊಡ್ಡ ಉಪಕಾರವಿರಲಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಅಲ್ಲಿ ತೋಪು ಹಾರಿಸುತ್ತಾರೆ. ಕೆಳಗಿಳಿದು ಬಂದ ಮೇಲೆ ಅತ್ತೆಯವರು ಧಕ್ಕೆಯ ಅಂಚಿನಲ್ಲಿ ಕೋಲೂರಿ ನಿಂತು ಬಹಳ ಹೊತ್ತು ನೀರನ್ನೇ ನೋಡುತ್ತಿದ್ದರು. ಹೊನ್ನಾವರದಲ್ಲಿ ಇಳಿತದ ಹೊತ್ತಿಗೆ ಧಕ್ಕೆಯ ಕಲ್ಲಿನ ಮೇಲೆ ಆಳೆತ್ತರದ ಪಾಚಿಯ ಗೆರೆ ಕಾಣುತ್ತದಂತೆ. ಇಲ್ಲಿ ಅಂಗೈಯಗಲವೂ ಇರಲಿಲ್ಲ. "ಈ ಸಮುದ್ರಕ್ಕೆ ಉಬ್ಬರವೇ ಇಲ್ಲವೇನೇ? ಐದು ದಿನದಿಂದ ನೋಡುತ್ತಿದ್ದೇನೆ, ಇದ್ದಲ್ಲೇ ಇದೆ" ಎಂದರು. ಮೆಡಿಟರೇನಿಯನ್‌ನಲ್ಲಿ ಉಬ್ಬರ ಇಳಿತ ಬಹಳ ಕಡಿಮೆ ಎಂದು ನಾನು ಓದಿದ್ದೆ. ಐದು ಬಂದರು ಸುತ್ತಿದರೂ ಕಣ್ಣಿಂದ ಕಂಡಿರಲಿಲ್ಲ.

ಕೊನೆಯ ಹಗಲು ಪೂರ್ತಿ ಸಮುದ್ರದಲ್ಲೇ. ಅಂದು ಗಾಳಿ ಎದ್ದು ಹಡಗು ತೂಗಾಡಿತು. ಮಲಗಿದ್ದು ನಾವಿಬ್ಬರು, ಅತ್ತೆಯವರು ಮೂರು ಹೊತ್ತೂ ಉಂಡರು. ರಾತ್ರಿ ಹನ್ನೆರಡರೊಳಗೆ ಬಣ್ಣದ ಚೀಟಿ ಕಟ್ಟಿದ ಪೆಟ್ಟಿಗೆಗಳನ್ನು ಕೋಣೆಯ ಹೊರಗಿಡಬೇಕು. ಮರುದಿನದ ಬಟ್ಟೆ, ಮಾತ್ರೆ, ಕನ್ನಡಕ ಕೈಚೀಲದಲ್ಲಿ ಉಳಿಯುವಂತೆ ನೋಡಿಕೊಳ್ಳಿ. ಪಾಸ್‌ಪೋರ್ಟ್ ಹಿಂದಿರುಗಿಸಲು ಒಂದು ಸಾಲು, ವಶಪಡಿಸಿಕೊಂಡ ವಸ್ತುಗಳಿಗೆ ಇನ್ನೊಂದು. ಎರಡನೆಯ ಸಾಲಿನ ಮೇಜಿನ ಮೇಲೆ ಇಸ್ತ್ರಿಪೆಟ್ಟಿಗೆಗಳ ನಡುವೆ ಹತ್ತಾರು ಕೆಟಲ್‌ಗಳು ಸಾಲಾಗಿ ಕುಳಿತಿದ್ದವು. ಅತ್ತೆಯವರು ಚೀಟಿ ತೋರಿಸುವ ಮೊದಲೇ ತಮ್ಮದನ್ನು ಗುರುತಿಸಿ ಎತ್ತಿಕೊಂಡರು.

ಬಾರ್ಸಿಲೋನಾದ ಹೋಟೆಲು ಸೇರಿದೊಡನೆ ಅವರು ಅವಲಕ್ಕಿ ಡಬ್ಬಿ ತೆರೆದು, ಒಂದು ವಾರದಿಂದ ಕಾದಿದ್ದ ಚಹಾಕ್ಕೆ ನೀರು ತುಂಬಿದರು. ಮೂರು ಕಡ್ಡಿಯ ಪ್ಲಗ್ ಅಲ್ಲಿಯ ಗೋಡೆಗೆ ಹೊಂದುವುದಿಲ್ಲ, ಅಡಾಪ್ಟರ್ ಬೇಕು. ಅದು ಹಡಗಿನ ಕೋಣೆಯ ಗೋಡೆಯಲ್ಲೇ ಉಳಿದಿತ್ತು, ಹಡಗು ಅಷ್ಟರಲ್ಲಿ ಮಾರ್ಸೇ ಕಡೆಗೆ ಹೊರಟಾಗಿತ್ತು.